ಹೆಬ್ಬಾತು ಫಲಿಸಿದ ಮರ

ಹೆಬ್ಬಾತುಗಳನ್ನು ಫಲವಾಗಿ ಬಿಡುವ ಮರವೊಂದುಂಟೆಂದು ಮಧ್ಯಯುಗದ ಯುರೋಪಿನಲ್ಲಿ ಅನೇಕರು ನಂಬಿದ್ದರು. ಬಾರ್ನಕಲ್ ಹೆಬ್ಬಾತುಗಳು ಗೂಡು ಕಟ್ಟುತ್ತಿದ್ದುದು ದೂರದ ಉತ್ತರಧ್ರುವ ಸೀಮೆಯಲ್ಲಿ. ಐರ್ಲೆಂಡಿನ ಕರಾವಳಿಯ ಜನ ಅವುಗಳ ಮೊಟ್ಟೆಯನ್ನು ಕಂಡಿರಲಿಲ್ಲ. ತೇಲಿಬಂದ ದಿಮ್ಮಿಗಳಿಗೆ ಅಂಟಿಕೊಂಡ ಚಿಪ್ಪುಜೀವಿಗಳನ್ನೇ ಅವರು ಹಕ್ಕಿಮರಿಗಳೆಂದು ಬಗೆದರು.

ವೇಲ್ಸ್ ನಾಡಿನ ಗುರು ಜೆರಾಲ್ಡರು ಸುಮಾರು 1188ರಲ್ಲಿ ಐರ್ಲೆಂಡನ್ನು ವರ್ಣಿಸುತ್ತಾ, ಒಂದೇ ದಿಮ್ಮಿಯಲ್ಲಿ ತೂಗುತ್ತಿದ್ದ ಸಾವಿರಕ್ಕೂ ಮಿಕ್ಕ ಮರಿಗಳನ್ನು ತಾವೇ ಕಂಡುದಾಗಿ ಬರೆದರು. ಮಾಂಸದಿಂದ ಹುಟ್ಟದ್ದು ಮಾಂಸವಲ್ಲವೆಂದು ಅಲ್ಲಿನ ಕೆಲವು ಧರ್ಮಾಧ್ಯಕ್ಷರು ಉಪವಾಸದ ದಿನಗಳಲ್ಲೂ ಈ ಹಕ್ಕಿಗಳನ್ನು ತಿನ್ನುತ್ತಿದ್ದರಂತೆ. ಜೆರಾಲ್ಡರು ಒಪ್ಪಲಿಲ್ಲ: ಆದಾಮನೂ ಮಾಂಸದಿಂದ ಹುಟ್ಟಿದವನಲ್ಲ, ಅವನ ತೊಡೆಯನ್ನು ತಿಂದವನು ಮಾಂಸ ತಿಂದಂತಾಗದೆ? ತರ್ಕವೇನೋ ಸೊಗಸಾಗಿದೆ. ಆದರೆ ಅದೇ ಲೇಖನಿ ಯೆಹೂದ್ಯರತ್ತ ತಿರುಗಿ, ತಾಯ್ತಂದೆಯಿಲ್ಲದೆ ಹುಟ್ಟುವ ಈ ಹಕ್ಕಿಯನ್ನು ನೋಡಿಯಾದರೂ ಕನ್ಯೆಯಿಂದಾದ ಕ್ರಿಸ್ತಜನನವನ್ನು ನಂಬಿರೆಂದು ಹೀಯಾಳಿಸುತ್ತದೆ. ವಿಶ್ವಾಸದ ರಹಸ್ಯವನ್ನು ಪರೀಕ್ಷಿಸದ ವದಂತಿಯ ಮೇಲೆ ನಿಲ್ಲಿಸಿದ್ದಲ್ಲದೆ, ಆ ವದಂತಿಯಿಂದಲೇ ನೆರೆಯವರನ್ನು ಘಾಸಿಗೊಳಿಸಿದುದು ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅಪರಾಧ.

ಕಥೆಯಲ್ಲಿ ದಿಮ್ಮಿ ಕ್ರಮೇಣ ಮರವಾಗಿ ಬೆಳೆಯಿತು. 13ನೆಯ ಶತಮಾನದಲ್ಲಿ ಡೊಮಿನಿಕನ್ ಸಭೆಯ ಸಂತ ಮಹಾ ಆಲ್ಬರ್ಟರು, ತಾವೂ ಸಂಗಡಿಗರೂ ಈ ಹೆಬ್ಬಾತುಗಳು ಕೂಡುವುದನ್ನೂ ಮೊಟ್ಟೆಯಿಡುವುದನ್ನೂ ಕಂಡುದಾಗಿ ತಿಳಿಸಿ, ಅದನ್ನು ಅಸಂಬದ್ಧವೆಂದು ತಳ್ಳಿಹಾಕಿದರು. ಕನ್ಯಾಜನನದಲ್ಲಿ ಅವರಿಗಿದ್ದ ವಿಶ್ವಾಸವು ಇದರಿಂದ ಎಳ್ಳಷ್ಟೂ ಕುಂದಲಿಲ್ಲ. ಆದರೂ 1597ರಲ್ಲಿ ಇಂಗ್ಲೆಂಡಿನ ಜಾನ್ ಜೆರಾರ್ಡರು ತಮ್ಮ ಸಸ್ಯಗ್ರಂಥದ ಕೊನೆಯಲ್ಲಿ ಆ ಮರದ ಚಿತ್ರವನ್ನೇ ಅಚ್ಚುಹಾಕಿಸಿದರು.