ಪ್ರಾಚೀನ ವೈದ್ಯಗ್ರಂಥಗಳಲ್ಲಿ ಪರಿಚಾರಕನ ಸ್ಥಾನ

ರೋಗಿಯ ಶುಶ್ರೂಷೆಯು ಕೇವಲ ಸೇವಕವೃತ್ತಿಯೋ ಅಥವಾ ಜ್ಞಾನವನ್ನಪೇಕ್ಷಿಸುವ ವಿದ್ಯೆಯೋ ಎಂಬ ಪ್ರಶ್ನೆಗೆ ನಮ್ಮ ವೈದ್ಯಗ್ರಂಥಗಳು ಕೊಡುವ ಉತ್ತರವು ಒಂದೇ ತೆರನಾಗಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ಗುಣಗಳನ್ನು ವಿಧಿಸಿದೆ. ಪರಿಚಾರಕನಿಗೆ ಹೇಳಿದವು ಉಪಚಾರಜ್ಞಾನ, ದಕ್ಷತೆ, ಭರ್ತೃವಿನಲ್ಲಿ, ಎಂದರೆ ತಾನು ಸೇವಿಸುವವನಲ್ಲಿ, ಅನುರಾಗ ಮತ್ತು ಶೌಚ. ಇವುಗಳಲ್ಲಿ ಜ್ಞಾನವೇ ಮೊದಲನೆಯದೆಂಬುದು ಗಮನಾರ್ಹವು. ಆ ಜ್ಞಾನವು ಎಂತಹುದೆಂಬುದು 15ನೆಯ ಅಧ್ಯಾಯದಿಂದ ವಿದಿತವಾಗುತ್ತದೆ: ಗಂಜಿ ಕಟ್ಟುಗಳನ್ನು ಬೇಯಿಸುವುದು, ಸ್ನಾನ ಮಾಡಿಸುವುದು, ಅಂಗಗಳನ್ನೊತ್ತುವುದು, ರೋಗಿಯನ್ನು ಎಬ್ಬಿಸುವುದು, ಮಲಗಿಸುವುದು, ಔಷಧವನ್ನು ಅರೆಯುವುದು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 34ನೆಯ ಅಧ್ಯಾಯದಲ್ಲಾದರೋ ಸ್ನೇಹ, ಜುಗುಪ್ಸೆಯಿಲ್ಲದಿರುವಿಕೆ, ಬಲ, ರೋಗಿಯ ರಕ್ಷಣೆಯಲ್ಲಿ ತತ್ಪರತೆ, ವೈದ್ಯನ ಮಾತಿನಂತೆ ನಡೆಯುವಿಕೆ, ದಣಿಯದಿರುವಿಕೆ ಇವು ಹೇಳಲ್ಪಟ್ಟಿವೆ. ಜ್ಞಾನವನ್ನು ಪ್ರತ್ಯೇಕವಾಗಿ ಎಣಿಸಿಲ್ಲ. ಆ ಅಧ್ಯಾಯವು ದಂಡಯಾತ್ರೆಯಲ್ಲಿ ಅರಸನನ್ನು ರಕ್ಷಿಸುವ ಕ್ರಮವನ್ನು ಕುರಿತುದಾದುದರಿಂದ, ಆಜ್ಞಾಪಾಲನೆಗೆ ಅಲ್ಲಿ ಎಡೆಯು ದೊರೆತುದು ಸಹಜವೆಂದು ನಮ್ಮ ಊಹೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಶುಶ್ರೂಷಾ ಪಾಠಶಾಲೆಯು ಆರಂಭವಾಯಿತು. 1947ರಲ್ಲಿ ಭಾರತದಲ್ಲಿ ದಾದಿಯರ ಶಿಕ್ಷಣಕ್ಕೆ ಏಕರೂಪದ ಮಟ್ಟವನ್ನು ಕಲ್ಪಿಸಲು ನರ್ಸಿಂಗ್ ಕೌನ್ಸಿಲ್ ಶಾಸನವು ಆಯಿತು. ಇವೆರಡೂ ಚರಕನ ಮೊದಲನೆಯ ಗುಣವನ್ನೇ ಎತ್ತಿಹಿಡಿದಂತಾಯಿತು. ಬರೆವಣಿಗೆಯ ಪರೀಕ್ಷೆಯು ಅಳೆಯಬಲ್ಲುದು ಮುಖ್ಯವಾಗಿ ಆ ಜ್ಞಾನವನ್ನೇ. ಜುಗುಪ್ಸೆಯಿಲ್ಲದ ಕೈಯನ್ನೂ ದಣಿಯದ ಮನಸ್ಸನ್ನೂ ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಪರೀಕ್ಷಿಸಬೇಕು. ಆದುದರಿಂದ ಶುಶ್ರೂಷೆಯನ್ನು ಕಲಿಸುವವರಿಗೆ ಈ ಎರಡು ಪಟ್ಟಿಗಳೂ ಒಟ್ಟಿಗೆ ಬೇಕು.