ನೋಡಿದ್ದನ್ನು ಇಟ್ಟುಕೊಳ್ಳಬಹುದೇ?



ಕೆಲವು ವರ್ಷಗಳ ಹಿಂದಿನ ನಮ್ಮ ಶಾಲೆಯ ರಾಜ್ಯೋತ್ಸವದ ನಾಟಕವೊಂದನ್ನು ಈಗಿನ ಮಕ್ಕಳಿಗೆ ತೋರಿಸೋಣ ಎಂದು ಕಳೆದ ತಿಂಗಳು ಹುಡುಕಿದೆವು. ಪೋಷಕರೊಬ್ಬರು ಅದನ್ನು ಆಗಲೇ ಒಂದು ವಿಡಿಯೋ ತಾಣಕ್ಕೆ ಏರಿಸಿದ್ದರು. ಹಳೆಯ ಇಮೇಲ್‌ನಲ್ಲಿ ಕೊಂಡಿಯೂ ಸಿಕ್ಕಿತು. ಒತ್ತಿದರೆ, ‘ಈ ವಿಡಿಯೋ ಲಭ್ಯವಿಲ್ಲ’ ಎಂಬ ಬೂದು ಚೌಕ. ಚಿತ್ರೀಕರಿಸಿದ ಫೋನು ಎಂದೋ ಕೆಟ್ಟುಹೋಗಿದೆ. ಪಕ್ಕದಲ್ಲೇ ನಿಂತಿದ್ದ ಹುಡುಗಿಯೊಬ್ಬಳು, “ಆಂಟಿ, ನೀವ್ಯಾರೂ ಅದನ್ನ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲಿಲ್ವಾ?” ಎಂದಳು. ಅವಳ ಅಣ್ಣ ತಕ್ಷಣ, “ಹಾಗೆಲ್ಲ ಮಾಡಬಾರದು ಕಣೇ, ಅದು ಇಲ್ಲೀಗಲ್” ಎಂದ. ನಾನು ಇಬ್ಬರಿಗೂ ಉತ್ತರ ಹೇಳದೆ ಕುರ್ಚಿ ಜೋಡಿಸಲು ಹೋಗಿಬಿಟ್ಟೆ. ಆ ಉತ್ತರ ಹುಡುಕಿಕೊಂಡು ಹೊರಟರೆ ಸುಮಾರು 50 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮಕ್ಕಳೇ, ಆಗ ಟಿ.ವಿ. ಕಾರ್ಯಕ್ರಮ ಎಂದರೆ ರೈಲಿದ್ದ ಹಾಗೆ. ಎಂಟು ಗಂಟೆಗೆ ಬರುವುದನ್ನು ಎಂಟು ಗಂಟೆಗೇ ನೋಡಬೇಕು. ತಪ್ಪಿದರೆ ತಪ್ಪಿತು. 1975ರಲ್ಲಿ ಜಪಾನಿನ ಸೋನಿ ಕಂಪನಿ ‘ಬೀಟಾಮ್ಯಾಕ್ಸ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಒಂದು ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ, ಟಿ.ವಿ.ಯಲ್ಲಿ ಬರುತ್ತಿರುವುದು ಟೇಪಿನ ಮೇಲೆ ದಾಖಲಾಗುತ್ತಿತ್ತು. ಮೊದಮೊದಲು ಒಂದು ಕ್ಯಾಸೆಟ್ಟಿಗೆ ಒಂದೇ ಗಂಟೆ. ಅಷ್ಟಾದರೂ ಸಾಕಿತ್ತು. ಕೆಲಸದಿಂದ ತಡವಾಗಿ ಬಂದವರು ರಾತ್ರಿ ಹತ್ತಕ್ಕೆ ಎಂಟರ ಕಾರ್ಯಕ್ರಮ ನೋಡಬಹುದಾಯಿತು.

ಸೋನಿಯ ಜಾಹೀರಾತು ಇದನ್ನೇ ಹಿಡಿದು, ‘ಕೊಲಂಬೊ’ ನೋಡುತ್ತಾ ಕೂತು ‘ಕೊಜಾಕ್’ ತಪ್ಪಿಸಿಕೊಳ್ಳಬೇಕಿಲ್ಲ ಎಂಬರ್ಥದ ಮಾತು ಹೇಳಿತು. ಎರಡೂ ಪತ್ತೇದಾರಿ ಧಾರಾವಾಹಿಗಳು, ಎರಡನ್ನೂ ತಯಾರಿಸುತ್ತಿದ್ದುದು ಯೂನಿವರ್ಸಲ್ ಸಂಸ್ಥೆ. ಅವರಿಗೆ ಸಿಟ್ಟು ಬಾರದೆ ಇರುತ್ತದೆಯೇ? 1976ರಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಸೇರಿ ಲಾಸ್ ಏಂಜಲೀಸ್‌ನಲ್ಲಿ ಸೋನಿಯ ಮೇಲೆ ದಾವೆ ಹೂಡಿದವು. ಅನುಮತಿಯಿಲ್ಲದೆ ಮನೆಯಲ್ಲಿ ದಾಖಲಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ, ಅದಕ್ಕೆ ಯಂತ್ರ ಮಾರಿದವರೇ ಹೊಣೆ ಎಂಬುದು ಅವರ ವಾದ.

ಮೊಕದ್ದಮೆ ಏಳು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. 1979ರಲ್ಲಿ ಕೆಳಗಿನ ನ್ಯಾಯಾಲಯ ಸೋನಿಯ ಪರವಾಗಿ ಹೇಳಿತು. 1981ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿಬಿಟ್ಟಿತು. 1982ರಲ್ಲಿ ಚಿತ್ರೋದ್ಯಮದ ವಕ್ತಾರ ಜ್ಯಾಕ್ ವ್ಯಾಲೆಂಟಿ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂದು, ಈ ಯಂತ್ರವನ್ನು ಒಬ್ಬ ಕುಖ್ಯಾತ ಕೊಲೆಗಾರನಿಗೆ ಹೋಲಿಸಿದರು. ಸಿನಿಮಾ ಉದ್ಯಮ ಸತ್ತೇ ಹೋಗುತ್ತದೆ ಎಂಬ ಭಯ ಅಷ್ಟಿತ್ತು.

ಇದೇ ಮೊಕದ್ದಮೆಯಲ್ಲಿ ನನಗೆ ಬಹಳ ಇಷ್ಟವಾದ ಸಾಕ್ಷಿ ಫ್ರೆಡ್ ರಾಜರ್ಸ್ ಅವರದು. ‘ಡೇನಿಯಲ್ ಟೈಗರ್’ ನೋಡಿ ಬೆಳೆದ ಮಕ್ಕಳಿಗೆ ಅವರು ಪರೋಕ್ಷವಾಗಿ ಪರಿಚಯವೇ. ಆ ಹುಲಿಮರಿ ಮೂಲತಃ ಅವರ ಕಾರ್ಯಕ್ರಮದ ಕೈಗೊಂಬೆ. ತಮ್ಮ ಕಾರ್ಯಕ್ರಮವನ್ನು ಮನೆಯವರು ದಾಖಲಿಸಿಕೊಂಡು ತಮಗೆ ಅನುಕೂಲವಾದ ಹೊತ್ತಿನಲ್ಲಿ ಮಕ್ಕಳ ಜೊತೆ ಕೂತು ನೋಡಿದರೆ ತಮಗೇನೂ ಅಭ್ಯಂತರವಿಲ್ಲ ಎಂದು ಅವರು ಹೇಳಿದರು. ತಮ್ಮ ದಿನಚರಿಯನ್ನು ಜನರೇ ನಿರ್ಧರಿಸಬೇಕು, ಟಿ.ವಿ. ನಿಲಯವಲ್ಲ ಎಂಬುದು ಅವರ ಆಶಯ. ಈ ಸಾಕ್ಷ್ಯ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೂ ಸೇರಿದೆ.

ಆ ತೀರ್ಪು ಬಂದದ್ದು 1984ರ ಜನವರಿ 17ರಂದು. ಐವರು ನ್ಯಾಯಮೂರ್ತಿಗಳು ಸೋನಿಯ ಪರ, ನಾಲ್ವರು ವಿರುದ್ಧ. ಒಂದೇ ಒಂದು ಮತದ ಅಂತರ! ಮುಂದೆ ಹೊರಬಂದ ನ್ಯಾಯಮೂರ್ತಿಗಳ ಕಾಗದಪತ್ರಗಳನ್ನು ನೋಡಿದರೆ, ಮೊದಲ ಸುತ್ತಿನ ವಾದದ ನಂತರ ತೀರ್ಪು ಯೂನಿವರ್ಸಲ್ ಕಡೆಗೇ ವಾಲುತ್ತಿತ್ತು ಎಂದು ತಿಳಿಯುತ್ತದೆ. ಪ್ರಕರಣವನ್ನು ಎರಡನೇ ಬಾರಿ ವಾದಿಸಲು ಹೇಳಿದರು, ಅಷ್ಟರಲ್ಲಿ ತಕ್ಕಡಿ ಈ ಕಡೆಗೆ ತೂಗಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್. ಉಚಿತವಾಗಿ ಪ್ರಸಾರವಾಗುವ ಕಾರ್ಯಕ್ರಮವನ್ನು ಮನೆಯಲ್ಲಿ ದಾಖಲಿಸಿ ಬೇರೆ ಹೊತ್ತಿನಲ್ಲಿ ನೋಡುವುದು ನ್ಯಾಯಯುತ ಬಳಕೆ. ಒಂದು ಯಂತ್ರಕ್ಕೆ ಸಾಕಷ್ಟು ಸಕ್ರಮ ಉಪಯೋಗವಿದ್ದರೆ, ಯಾರೋ ಅದನ್ನು ದುರ್ಬಳಕೆ ಮಾಡಿಕೊಂಡರು ಎಂದು ತಯಾರಕರನ್ನು ಹಿಡಿಯುವಂತಿಲ್ಲ. ಆದರೆ ಕಪಾಟು ತುಂಬ ಕ್ಯಾಸೆಟ್ ಕೂಡಿಟ್ಟುಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ತೀರ್ಪು ಬಗೆಹರಿಸಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಚಿತ್ರೋದ್ಯಮ ಸಾಯಲಿಲ್ಲ. 80ರ ದಶಕ ಮುಗಿಯುವ ಮೊದಲೇ ಅಮೆರಿಕದ ಸ್ಟುಡಿಯೋಗಳಿಗೆ ಚಿತ್ರಮಂದಿರಕ್ಕಿಂತ ಹೆಚ್ಚು ಹಣ ಕ್ಯಾಸೆಟ್‌ಗಳಿಂದ ಬರತೊಡಗಿತು. ತಮಾಷೆಯೆಂದರೆ, ಮೊಕದ್ದಮೆ ಗೆದ್ದ ಬೀಟಾಮ್ಯಾಕ್ಸ್ ಮಾತ್ರ ಅಂಗಡಿಯಲ್ಲಿ ವಿ.ಎಚ್.ಎಸ್. ಎದುರು ಸೋತುಹೋಯಿತು.

ಅಮೆರಿಕಕ್ಕೆ ಆ ಕಾಲದಲ್ಲಿ ಬಂದ ಹಿರಿಯರನ್ನು ಕೇಳಿನೋಡಿ. ಊರಿಂದ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಮದುವೆಯ ಕ್ಯಾಸೆಟ್ ಇಟ್ಟು ತಂದು, ಇಲ್ಲಿಯ ವಿ.ಸಿ.ಆರ್.ಗೆ ಹಾಕಿದರೆ ಬರೀ ಗೆರೆಗಳು ಉರುಳುತ್ತಿದ್ದವು. ಭಾರತದ್ದು ಪಾಲ್ ಪದ್ಧತಿ, ಅಮೆರಿಕದ್ದು ಎನ್.ಟಿ.ಎಸ್.ಸಿ. ಬೇಕೆಂದೇ ಯಾರೂ ಹಾಕಿದ ಬೀಗವಲ್ಲ ಅದು, ತಂತ್ರಜ್ಞಾನದ ವ್ಯತ್ಯಾಸ ಅಷ್ಟೇ. ದುಡ್ಡು ಕೊಟ್ಟು ಬದಲಾಯಿಸಿಕೊಳ್ಳಬಹುದಿತ್ತು.

ಆಮೇಲೆ ಬಂದದ್ದು ಬೇಕೆಂದೇ ಹಾಕಿದ ಬೀಗ. ಡಿ.ವಿ.ಡಿ. ಬಂದಾಗ ಜಗತ್ತನ್ನು ವಲಯಗಳಾಗಿ ಹಂಚಿದರು. ಅಮೆರಿಕ 1, ಬ್ರಿಟನ್ 2, ಭಾರತ 5. ಒಂದು ವಲಯದ ತಟ್ಟೆ ಇನ್ನೊಂದು ವಲಯದ ಯಂತ್ರದಲ್ಲಿ ಓಡಬಾರದು. ಜೊತೆಗೆ ಒಳಗಿನ ಚಿತ್ರವನ್ನು ಗುಪ್ತಲಿಪಿಯಲ್ಲಿ ಇಟ್ಟರು. 1998ರಲ್ಲಿ ಅಮೆರಿಕ ‘ಡಿ.ಎಂ.ಸಿ.ಎ.’ ಎಂಬ ಕಾನೂನು ಮಾಡಿ ಇಂಥ ಬೀಗಗಳಿಗೆ ಕಾವಲು ಕೊಟ್ಟಿತು. ನನ್ನ ಮಟ್ಟಿಗೆ ಈ ಇತಿಹಾಸದ ದೊಡ್ಡ ತಿರುವು ಇದೇ. ಅಲ್ಲಿಯವರೆಗಿನ ಪ್ರಶ್ನೆ, ‘ನೀನು ನಕಲು ಮಾಡಿದ್ದು ನ್ಯಾಯವೇ?’ ಎಂಬುದು. ಅಲ್ಲಿಂದಾಚೆಗೆ ಇನ್ನೊಂದು ಸೇರಿತು: ‘ನೀನು ಬೀಗ ಮುಟ್ಟಿದೆಯಾ?’ ಮೂರು ವರ್ಷಕ್ಕೊಮ್ಮೆ ಸರ್ಕಾರ ಕೆಲವರಿಗೆ ವಿನಾಯಿತಿ ಕೊಡುತ್ತದೆ, ಉದಾಹರಣೆಗೆ ಪಾಠಕ್ಕಾಗಿ ಸಿನಿಮಾದ ತುಣುಕು ತೆಗೆಯುವ ಶಿಕ್ಷಕರಿಗೆ. ಉಳಿದವರು ಬೀಗದಿಂದ ದೂರ ನಿಲ್ಲಬೇಕು.

ಭಾರತದ ಕಾನೂನು ಇಲ್ಲಿ ತುಸು ಮೃದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದಾಗ ಬೀಗ ಒಡೆಯುವುದನ್ನು ಅಪರಾಧವೆಂದರು, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ. ಖಾಸಗಿ ಬಳಕೆ, ಅಧ್ಯಯನಕ್ಕಾಗಿ ನ್ಯಾಯಯುತವಾಗಿ ಬಳಸಿಕೊಳ್ಳಲು ಕಾಯ್ದೆಯಲ್ಲೇ ಜಾಗವಿದೆ.

ನಮ್ಮ ಹೈಸ್ಕೂಲು ಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು. 1999ರಲ್ಲಿ ಡಿ.ವಿ.ಡಿ.ಯ ಗುಪ್ತಲಿಪಿ ಬಿಡಿಸುವ ‘ಡಿ.ಸಿ.ಎಸ್.ಎಸ್.’ ಎಂಬ ತಂತ್ರಾಂಶ ಹೊರಬಂತು. ಅದರ ಹಿಂದಿದ್ದವರಲ್ಲಿ ಒಬ್ಬ ನಾರ್ವೆಯ ಯೋನ್ ಯೋಹಾನ್‌ಸನ್. ಆಗ ಅವನ ವಯಸ್ಸು 15. ಲಿನಕ್ಸ್ ಕಂಪ್ಯೂಟರಿನಲ್ಲಿ ಡಿ.ವಿ.ಡಿ. ನೋಡುವಂತಾಗಬೇಕು ಎಂಬುದು ಅವನ ವಾದ. ಪೊಲೀಸರು ಮನೆಗೆ ಬಂದರು, ಆರೋಪ ಹೊರಿಸಿದರು. 2003ರಲ್ಲಿ ನಾರ್ವೆಯ ನ್ಯಾಯಾಲಯಗಳು ಎರಡು ಸಲ ಅವನನ್ನು ಖುಲಾಸೆ ಮಾಡಿದವು. ತಾನೇ ಕೊಂಡ ತಟ್ಟೆಯನ್ನು ತಾನು ತೆರೆದು ನೋಡುವುದು ಕಳ್ಳತನ ಹೇಗಾಗುತ್ತದೆ ಎಂಬುದು ಆ ತೀರ್ಪಿನ ತಿರುಳು. ಅದೇ ತಂತ್ರಾಂಶವನ್ನು ಪ್ರಕಟಿಸಿದ ‘2600’ ಎಂಬ ಪತ್ರಿಕೆ ಮಾತ್ರ ನ್ಯೂಯಾರ್ಕಿನಲ್ಲಿ ಸೋತಿತು. ಅಲ್ಲಿಯ ನ್ಯಾಯಾಲಯ ಅದಕ್ಕೆ ಕೊಂಡಿ ಕೊಡುವುದನ್ನೂ ನಿಷೇಧಿಸಿತು. ಒಂದೇ ಕೆಲಸ, ಎರಡು ದೇಶ, ಎರಡು ತೀರ್ಪು.

ಈಗ ಯೂಟ್ಯೂಬ್ ಕಾಲ. ಅದು ಹುಟ್ಟಿದ್ದು 2005ರಲ್ಲಿ, ಮರುವರ್ಷವೇ ಗೂಗಲ್ ಅದನ್ನು ಕೊಂಡಿತು. ಅದೇ 2006ರಲ್ಲಿ ಸ್ಪೇನಿನ ರಿಕಾರ್ಡೊ ಗಾರ್ಸಿಯಾ ‘ಯೂಟ್ಯೂಬ್-ಡಿಎಲ್’ ಎಂಬ ಪುಟ್ಟ ತಂತ್ರಾಂಶ ಬರೆದರು. ಅವರ ಮನೆಯಲ್ಲಿದ್ದುದು ನಿಧಾನದ ಡಯಲ್-ಅಪ್ ಸಂಪರ್ಕ. ತಡೆತಡೆದು ನೋಡುವ ಬದಲು ಮೊದಲೇ ಇಳಿಸಿಕೊಂಡು ಆಮೇಲೆ ನೋಡಬಹುದಲ್ಲ ಎಂಬ ಸರಳ ಯೋಚನೆ. ಬೀಟಾಮ್ಯಾಕ್ಸ್ ಕೊಂಡವರ ಯೋಚನೆಯೂ ಹೆಚ್ಚುಕಡಿಮೆ ಇದೇ ಆಗಿತ್ತಲ್ಲವೇ?

ಇಲ್ಲೊಂದು ಸೂಕ್ಷ್ಮವಿದೆ. ನೀವು ವಿಡಿಯೋ ನೋಡುವಾಗಲೂ ಅದು ತುಣುಕು ತುಣುಕಾಗಿ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತಲೇ ಇರುತ್ತದೆ. ಇಳಿಯದೆ ಕಾಣುವುದು ಸಾಧ್ಯವೇ ಇಲ್ಲ. ನೋಡಿದ ಮೇಲೆ ಬ್ರೌಸರ್ ಅದನ್ನು ಎಸೆಯುತ್ತದೆ, ಯೂಟ್ಯೂಬ್-ಡಿಎಲ್ ಎತ್ತಿಡುತ್ತದೆ. ವ್ಯತ್ಯಾಸ ಅಷ್ಟೇ. ಆದರೆ ಆ ವ್ಯತ್ಯಾಸದಲ್ಲೇ ವ್ಯಾಪಾರವಿದೆ. ನೀವು ಎತ್ತಿಟ್ಟುಕೊಂಡರೆ ಮತ್ತೆ ತಾಣಕ್ಕೆ ಬರುವುದಿಲ್ಲ, ಜಾಹೀರಾತು ನೋಡುವುದಿಲ್ಲ. ಅನುಮತಿಯಿಲ್ಲದೆ ಇಳಿಸಿಕೊಳ್ಳಬಾರದು ಎಂದು ಯೂಟ್ಯೂಬಿನ ನಿಯಮಗಳೂ ಹೇಳುತ್ತವೆ.

2020ರ ಅಕ್ಟೋಬರ್ 23ರಂದು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ, ಅಂದರೆ ಆರ್.ಐ.ಎ.ಎ., ಈ ತಂತ್ರಾಂಶ ಇದ್ದ ಗಿಟ್‌ಹಬ್ ತಾಣಕ್ಕೆ ನೋಟಿಸು ಕಳಿಸಿತು. ಇದು ಯೂಟ್ಯೂಬಿನ ಬೀಗ ಮುರಿಯುತ್ತದೆ, ಅದರ ಪರೀಕ್ಷಾ ಸಾಲುಗಳಲ್ಲಿ ಟೇಲರ್ ಸ್ವಿಫ್ಟ್ ಮುಂತಾದವರ ಹಾಡುಗಳ ಕೊಂಡಿಗಳಿವೆ ಎಂಬುದು ದೂರು. ಗಿಟ್‌ಹಬ್ ಅದನ್ನು ತೆಗೆದುಹಾಕಿತು. ಜನ ಸುಮ್ಮನಿರಲಿಲ್ಲ, ಪ್ರತಿಗಳನ್ನು ಎಲ್ಲೆಲ್ಲೋ ಹಾಕಿದರು. ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ ಇ.ಎಫ್.ಎಫ್. ಸಂಸ್ಥೆಯ ವಕೀಲರು ಉತ್ತರ ಬರೆದರು: ಯೂಟ್ಯೂಬ್ ಪ್ರತಿಯೊಂದು ಬ್ರೌಸರಿಗೂ ಕಳಿಸುವ ಸೂಚನೆಗಳನ್ನೇ ಈ ತಂತ್ರಾಂಶವೂ ಓದುತ್ತದೆ, ಎಲ್ಲರ ಕೈಗೂ ಕೀಲಿ ಕೊಟ್ಟು ಅದನ್ನು ಬೀಗ ಎನ್ನಲಾಗದು. ನವೆಂಬರ್ 16ರಂದು ಗಿಟ್‌ಹಬ್ ತಂತ್ರಾಂಶವನ್ನು ಮರಳಿ ಇಟ್ಟಿತು. ಇಂಥ ನೋಟಿಸು ಪಡೆದವರ ಕಾನೂನು ಹೋರಾಟಕ್ಕೆಂದು 10 ಲಕ್ಷ ಡಾಲರ್ ನಿಧಿಯನ್ನೂ ಘೋಷಿಸಿತು. ಆದರೆ 2023ರ ಮಾರ್ಚಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನ್ಯಾಯಾಲಯ ಇದಕ್ಕೆ ವಿರುದ್ಧವಾಗಿ ಹೇಳಿತು. ಈ ತಂತ್ರಾಂಶದ ಜಾಲಪುಟಕ್ಕೆ ಜಾಗ ಕೊಟ್ಟಿದ್ದ ಉಬರ್‌ಸ್ಪೇಸ್ ಕಂಪನಿ ಸೋತಿತು.

ಹಾಡುಗಾರರ ಕಡೆಯ ಮಾತು ಸುಳ್ಳಲ್ಲ. ಕನ್ನಡ ಚಿತ್ರವೊಂದು ತೆರೆಕಂಡ ವಾರವೇ ಕದ್ದ ಪ್ರತಿ ಟೆಲಿಗ್ರಾಂನಲ್ಲಿ ಓಡಾಡಿದರೆ ನಷ್ಟ ಯಾರಿಗೆಂದು ನಮಗೆಲ್ಲ ಗೊತ್ತು. ಆದರೂ ಇಳಿಸಿಕೊಳ್ಳುವವರೆಲ್ಲ ಕಳ್ಳರಲ್ಲ. ಸಿರಿಯಾದ ಯುದ್ಧದಲ್ಲಿ ಸಾಮಾನ್ಯ ಜನ ಪ್ರಾಣ ಒತ್ತೆಯಿಟ್ಟು ಚಿತ್ರೀಕರಿಸಿದ ಸಾವಿರಾರು ವಿಡಿಯೋಗಳು ಯೂಟ್ಯೂಬಿನಲ್ಲಿದ್ದವು. 2017ರಲ್ಲಿ ಹಿಂಸೆಯ ದೃಶ್ಯಗಳನ್ನು ಯಂತ್ರವೇ ಗುರುತಿಸಿ ತೆಗೆಯುವ ವ್ಯವಸ್ಥೆ ಬಂದಾಗ ಅವುಗಳಲ್ಲಿ ಬಹಳಷ್ಟು ಮಾಯವಾದವು. ‘ಸಿರಿಯನ್ ಆರ್ಕೈವ್’ ಎಂಬ ಗುಂಪು ಮೊದಲೇ ಪ್ರತಿಗಳನ್ನು ತೆಗೆದಿಡುತ್ತಿದ್ದುದರಿಂದ ಎಷ್ಟೋ ಸಾಕ್ಷ್ಯಗಳು ಉಳಿದವು.

ತಾಣಗಳೂ ‘ಡೌನ್‌ಲೋಡ್’ ಗುಂಡಿ ಕೊಟ್ಟಿವೆ ಎಂದು ಮಕ್ಕಳು ಹೇಳಬಹುದು. ನಿಜ. 2014ರ ಡಿಸೆಂಬರಿನಲ್ಲಿ ಯೂಟ್ಯೂಬ್ ಆಫ್‌ಲೈನ್ ಸೌಲಭ್ಯವನ್ನು ಭಾರತದಲ್ಲಿ ಆರಂಭಿಸಿತು. ಡೇಟಾ ದುಬಾರಿ, ನೆಟ್‌ವರ್ಕ್ ನಿಧಾನ ಇದ್ದ ಕಾಲವದು. ಉಳಿಸಿಕೊಂಡ ವಿಡಿಯೋ 48 ಗಂಟೆ ಮಾತ್ರ ಇರುತ್ತಿತ್ತು, ಅದೂ ಆ್ಯಪಿನ ಒಳಗೇ. ಪೆನ್‌ಡ್ರೈವಿಗೆ ಹಾಕಿ ಅಜ್ಜಿಗೆ ಕೊಡುವಂತಿರಲಿಲ್ಲ. ಕ್ಯಾಸೆಟ್ ನಮ್ಮ ಕಪಾಟಿನಲ್ಲಿತ್ತು; ಇದು ಅವರ ಕಪಾಟಿನಿಂದ ತಂದ ಸಾಲ.

ಇನ್ನು ಆ ಅಣ್ಣತಂಗಿಯರಿಗೆ ಉತ್ತರ. ಪುಟ್ಟಿ, ಆ ನಾಟಕ ನಮ್ಮದೇ. ಏರಿಸಿದವರು ತಮ್ಮ ಖಾತೆಯಿಂದಲೇ ಅದನ್ನು ಇಳಿಸಿಕೊಳ್ಳಬಹುದಿತ್ತು, ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ. ಮರೆತದ್ದು ನಮ್ಮ ತಪ್ಪು. ಮರಿ, ನೀನು ಹೇಳಿದ್ದೂ ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಯಾರ ವಿಡಿಯೋ, ಯಾತಕ್ಕೆ, ಬೀಗ ಇತ್ತೇ, ಯಾವ ದೇಶದಲ್ಲಿ ಎಂದು ಕೇಳದೆ ‘ಇಲ್ಲೀಗಲ್’ ಎನ್ನಲಾಗದು. ನ್ಯಾಯಮೂರ್ತಿಗಳೇ ಐದು ಮತ್ತು ನಾಲ್ಕಾಗಿ ಒಡೆದ ವಿಷಯ ಇದು.

ಈ ವರ್ಷದಿಂದ ಶಾಲೆಯ ಕಾರ್ಯಕ್ರಮಗಳ ಮೂಲ ಪ್ರತಿಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡುತ್ತಿದ್ದೇವೆ, ಎರಡೂ ಬೇರೆ ಬೇರೆ ಮನೆಗಳಲ್ಲಿ. ಆ ಹಳೆಯ ನಾಟಕದ ಪ್ರತಿ ಯಾರ ಫೋನಿನಲ್ಲಾದರೂ ಉಳಿದಿದ್ದರೆ ದಯವಿಟ್ಟು ಕಳಿಸಿಕೊಡಿ. ಹುಲಿಯ ವೇಷದ ಹುಡುಗ ಮಾತು ಮರೆತು ಅಮ್ಮನ ಕಡೆ ಕೈ ಬೀಸಿದ ನಾಟಕ, ನೋಡಿದವರಿಗೆ ನೆನಪಿರುತ್ತದೆ.