ಕೀಟಾಹಾರಿ ಸಸ್ಯಗಳು: ಅಧ್ಯಯನ ಮತ್ತು ಪಾಲನೆಯ ಇತಿಹಾಸ

ಕೀಟಗಳನ್ನು ಹಿಡಿದು ಜೀರ್ಣಿಸಿಕೊಂಡು, ಬಡ ಮಣ್ಣಿನಲ್ಲಿ ಸಿಗದ ಸಾರಜನಕ, ರಂಜಕಗಳನ್ನು ಪಡೆಯುವ ಗಿಡಗಳು. ಬಿಸಿಲಿನಿಂದ ಆಹಾರ ತಯಾರಿಸುವುದರಲ್ಲಿ ಇವು ಉಳಿದ ಹಸಿರು ಗಿಡಗಳಂತೆಯೇ. ಕೀಟ ಇವಕ್ಕೆ ಗೊಬ್ಬರ. ಕರ್ನಾಟಕದಲ್ಲಿ ಸಹಜವಾಗಿ ಬೆಳೆಯುವವು ಮುಖ್ಯವಾಗಿ ಎರಡು ಕುಲದವು: ಜೌಗು ನೆಲ, ಮುರಕಲ್ಲು ಹಾಸುಗಳ ಡ್ರೊಸೆರ, ಕೆರೆ, ಗದ್ದೆ, ಒದ್ದೆ ಬಂಡೆಗಳ ಯುಟ್ರಿಕ್ಯುಲೇರಿಯ.

ಅಧ್ಯಯನ: ಡಚ್ ಅಧಿಕಾರಿ ವಾನ್ ರೀಡೆ ಹೊರತಂದ ‘ಹೊರ್ಟಸ್ ಮಲಬಾರಿಕಸ್’ (1678–1693) ಗ್ರಂಥದಲ್ಲಿ ಮಲಬಾರಿನ ಡ್ರೊಸೆರದ ಚಿತ್ರವಿದೆ. 1753ರಲ್ಲಿ ಲಿನೇಯಸ್ ಅದನ್ನು ಡ್ರೊಸೆರ ಇಂಡಿಕ ಎಂದು ಕರೆದ. ಇಂಥ ಗಿಡಗಳು ಕೀಟವನ್ನು ಜೀರ್ಣಿಸಿಕೊಳ್ಳುತ್ತವೆಂದು ವಿಸ್ತಾರವಾದ ಪ್ರಯೋಗಗಳಿಂದ ತೋರಿಸಿದವನು ಚಾರ್ಲ್ಸ್ ಡಾರ್ವಿನ್ (1875). ಡ್ರೊಸೆರ ಎಲೆಯ ಮೇಲೆ ಮಾಂಸದ ಚೂರನ್ನೂ ಗಾಜಿನ ಚೂರನ್ನೂ ಇಟ್ಟು ನೋಡಿದ. ತುದಿಯಲ್ಲಿ ಅಂಟು ಹನಿ ಹೊತ್ತ ರೋಮಗಳು ಎರಡರತ್ತಲೂ ಬಾಗಿದವು. ಗಾಜನ್ನು ಬೇಗ ಬಿಟ್ಟವು, ಮಾಂಸವನ್ನು ದಿನಗಟ್ಟಲೆ ಹಿಡಿದುಕೊಂಡಿದ್ದವು. ಕೀಟಾಹಾರ ಸಿಕ್ಕ ಗಿಡ ಹೆಚ್ಚು ಬೀಜ ಕಟ್ಟುತ್ತದೆಂದು 1878ರಲ್ಲಿ ಅವನ ಮಗ ಫ್ರಾನ್ಸಿಸ್ ತೋರಿಸಿಕೊಟ್ಟ.

ರಾಜ್ಯದಲ್ಲಿ ಸಾಲ್ಡಾನ ಮತ್ತು ನಿಕಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಸಂಪತ್ತು (1976), ರಾವ್ ಮತ್ತು ರಜಿ ಅವರ ಮೈಸೂರು ಜಿಲ್ಲೆಯ ಸಸ್ಯಸಂಪತ್ತು (1981) ಗ್ರಂಥಗಳು ಸ್ಥಳೀಯ ಸಸ್ಯ ಅಧ್ಯಯನಕ್ಕೆ ತಳಹದಿ ಹಾಕಿದವು. ಭಾರತದ ಯುಟ್ರಿಕ್ಯುಲೇರಿಯಗಳ ಬಗ್ಗೆ ಜನಾರ್ಧನಂ ಮತ್ತು ಹೆನ್ರಿ ಅವರ ಗ್ರಂಥ 1992ರಲ್ಲಿ ಬಂತು. ಈ ಗಿಡಕ್ಕೆ ಬೇರಿಲ್ಲ. ಅದರ ಪುಟ್ಟ ಚೀಲಗಳು ಒಳಗಿನ ನೀರನ್ನು ಹೊರಹಾಕಿ ಬಿಗಿದು ನಿಲ್ಲುತ್ತವೆ. ಬಾಯ ಬಳಿಯ ರೋಮವನ್ನು ನೀರಹುಳು ಮುಟ್ಟಿದರೆ ಮುಚ್ಚಳ ತೆರೆದು, ಕಣ್ಣೆವೆ ಇಕ್ಕುವುದರೊಳಗೆ ಹುಳು ಒಳಗೆ ಸೇರುತ್ತದೆ.

ಪಾಲನೆ: ಹತ್ತೊಂಬತ್ತನೆಯ ಶತಮಾನದಲ್ಲಿ ಇವು ಯೂರೋಪಿನ ಗಾಜಿನ ಮನೆಗಳ ಆಕರ್ಷಣೆಯಾದವು. ಇಂಗ್ಲೆಂಡಿನ ವೀಚ್ ನರ್ಸರಿಯ ಜಾನ್ ಡೊಮಿನಿ ಹೂಜಿಗಿಡದ (ನೆಪೆಂಥಿಸ್) ಮಿಶ್ರತಳಿ ಬೆಳೆಸಿದ. ಈಗ ಅಮೆರಿಕ ಮೂಲದ ವೀನಸ್ ಫ್ಲೈಟ್ರ್ಯಾಪ್ ಕೂಡ ನಮ್ಮ ಮನೆಗಳ ಕುಂಡಕ್ಕೆ ಬಂದಿದೆ.

ಈ ಗಿಡಗಳು ಬಡ ಮಣ್ಣಿಗೆ ಒಗ್ಗಿದವು. ಪಾಲನೆಯ ಸೂತ್ರವೆಲ್ಲ ಇದರಲ್ಲೇ ಇದೆ. ಕೊಟ್ಟಿಗೆ ಗೊಬ್ಬರ, ಯೂರಿಯಾ, ಕೆಮ್ಮಣ್ಣು ಯಾವುದೂ ಸಲ್ಲದು. ಪೀಟ್ ಪಾಚಿಗೆ ತೊಳೆದ ಮರಳು ಅಥವಾ ಪರ್ಲೈಟ್ ಬೆರೆಸಬೇಕು. ಕೊಳವೆಬಾವಿ ನೀರಿನ ಲವಣ ಕುಂಡದಲ್ಲಿ ಉಳಿದು ಬೇರನ್ನು ಸುಡುತ್ತದೆ. ರಾವಂದೂರು, ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯವರು ಮುಂಗಾರಿನಲ್ಲಿ ಸೂರಿನ ಮಳೆನೀರು ಹಿಡಿದಿಟ್ಟುಕೊಂಡರೆ ಸಾಕು. ಉಳಿದ ದಿನಗಳಿಗೆ ಆರ್‌ಒ ನೀರು ಆದೀತು. ಡ್ರೊಸೆರ, ಫ್ಲೈಟ್ರ್ಯಾಪ್ ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಒಳ್ಳೆಯ ಬಿಸಿಲು ಕೊಡಬೇಕು. ಹೂಜಿಗಿಡದ ಬುಡದಲ್ಲಿ ನೀರು ನಿಲ್ಲಬಾರದು. ಫ್ಲೈಟ್ರ್ಯಾಪ್‌ಗೆ ವರ್ಷಕ್ಕೆ ಮೂರು ತಿಂಗಳಾದರೂ ತಣ್ಣನೆಯ ವಿಶ್ರಾಂತಿ ಬೇಕು. ನಮ್ಮ ಚಳಿ ಅದಕ್ಕೆ ಸಾಲದು. ಆದ್ದರಿಂದ ಹೊಸಬರಿಗೆ ಬೀಜದಿಂದ ಸುಲಭವಾಗಿ ಬೆಳೆಯುವ ಡ್ರೊಸೆರ ಬರ್ಮನೈ ಒಳ್ಳೆಯದು.

ಸಂರಕ್ಷಣೆ: ಭಾರತದ ಏಕೈಕ ಹೂಜಿಗಿಡವಾದ ಮೇಘಾಲಯದ ನೆಪೆಂಥಿಸ್ ಖಾಸಿಯಾನಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಕೆರೆಯಂಗಳ, ಜೌಗುಗಳಲ್ಲಿ ಕಂಡ ಗಿಡವನ್ನು ಕಿತ್ತು ತರಬಾರದು. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಬೇಕು.